ಮಗು ಅನ್ನುವ ಭಾವನೆ ಬರದಿದ್ದರೆ ನಾನು ದೇವರ ಮಗು ಅಲ್ವಾ?

ನಿಮ್ಮ ಪ್ರಶ್ನೆಯನ್ನು ಎರಡು ಮೂರು ಸಲ ಓದಿದೆ. ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಗಿ ಎರಡು ವರ್ಷ ಆಯಿತು, ದೇವರು ನಮ್ಮನ್ನು ದತ್ತು ತೆಗೆದುಕೊಂಡಿದ್ದಾನೆ ಅಂತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಕೇಳುತ್ತಲೇ ಇದ್ದೇನೆ, ಆದರೆ ಎರಡು ವಿಷಯ ಬಗೆಹರಿಯುತ್ತಿಲ್ಲ ಅಂತ ಬರೆದಿದ್ದೀರಿ. ಎಲ್ಲರನ್ನೂ ಹುಟ್ಟಿಸಿದವನು ಆತನೇ ಆದ ಮೇಲೆ ಎಲ್ಲರೂ ಆತನ ಮಕ್ಕಳೇ ಅಲ್ವಾ, ಮತ್ತೆ ದತ್ತು ಯಾಕೆ ಅನ್ನುವುದು ಒಂದು. ಪ್ರಾರ್ಥನೆಗೆ ಕೂತರೆ ಮಗು ಅನ್ನುವ ಭಾವನೆಯೇ ಬರುವುದಿಲ್ಲ, ಹಾಗಾದರೆ ನಾನು ನಿಜಕ್ಕೂ ಮಗುವೇ ಅಲ್ಲವೇನೋ ಅನ್ನುವ ಭಯ ಇನ್ನೊಂದು.

ಮೊದಲನೆಯದಕ್ಕೆ ಬೇಗ ಉತ್ತರ ಹೇಳಿಬಿಡುತ್ತೇನೆ. ಎರಡನೆಯದಕ್ಕೆ ಸ್ವಲ್ಪ ಹೊತ್ತು ಬೇಕು. ಆ ಭಯ ನನಗೆ ಚೆನ್ನಾಗಿ ಗೊತ್ತು, ವರ್ಷಗಟ್ಟಲೆ ಅದರ ಜೊತೆಯಲ್ಲೇ ಇದ್ದೆ.

ಸೃಷ್ಟಿಯ ಲೆಕ್ಕದಲ್ಲಿ ನೀವು ಹೇಳುವುದು ಸರಿ. ಯೇಸುವಿನ ಸುವಾರ್ತೆ ಸಾರುತ್ತ ಊರೂರು ತಿರುಗಿದ, ಸಭೆಗಳಿಗೆ ಪತ್ರ ಬರೆದ ಪೌಲನೇ ಅಥೇನೆಯಲ್ಲಿ ಗ್ರೀಕರ ಮುಂದೆ ನಿಂತು, ನಾವೆಲ್ಲ ದೇವರ ಸಂತಾನ ಅಂತ ಅವರ ಕವಿಯ ಮಾತನ್ನೇ ಎತ್ತಿ ಹೇಳುತ್ತಾನೆ. ಆದರೆ ಯೋಹಾನನ ಸುವಾರ್ತೆಯ ಮೊದಲನೇ ಅಧ್ಯಾಯದಲ್ಲಿ ಬೇರೊಂದು ಮಾತಿದೆ: ಯಾರು ಯೇಸುವನ್ನು ಅಂಗೀಕರಿಸಿದರೋ ಅವರಿಗೆ ದೇವರ ಮಕ್ಕಳಾಗುವ ಅಧಿಕಾರ ಸಿಕ್ಕಿತು. 'ಆಗುವ' ಅನ್ನುವ ಪದ ನೋಡಿ. ಒಬ್ಬನಿಂದ ಹುಟ್ಟಿದ್ದು ಬೇರೆ, ಅವನ ಮನೆಯಲ್ಲಿ ಮಗುವಾಗಿ ಬದುಕುವುದು ಬೇರೆ. ಬೈಬಲ್ ಹೇಳುವ ಕಥೆಯಲ್ಲಿ ನಾವು ಮನೆ ಬಿಟ್ಟು ಹೊರಟವರು. ಸಂಬಂಧ ಮುರಿದದ್ದು ನಮ್ಮ ಕಡೆಯಿಂದ. ಹಾಗಾಗಿ ಈ ದತ್ತು ಅಂದರೆ ಯಾರದೋ ಮಕ್ಕಳನ್ನು ಯಾರೋ ಎತ್ತಿಕೊಂಡು ಹೋದ ಹಾಗಲ್ಲ. ಕಳೆದುಕೊಂಡ ಮಕ್ಕಳನ್ನು ಅಪ್ಪ ಮತ್ತೆ ತನ್ನ ಹೆಸರಿಗೆ ಬರೆಸಿಕೊಂಡ ಹಾಗೆ.

ಈಗ ಆ ಪದದ ಬಗ್ಗೆ ಸ್ವಲ್ಪ ಹೇಳಬೇಕು. ಇಡೀ ಹೊಸ ಒಡಂಬಡಿಕೆಯಲ್ಲಿ, ಅಂದರೆ ಬೈಬಲಿನ ಎರಡನೇ ಭಾಗದಲ್ಲಿ, ದತ್ತು ಅನ್ನುವ ಅರ್ಥದ ಗ್ರೀಕ್ ಪದ ಬರುವುದು ಬರೀ 5 ಸಲ. ಐದೂ ಪೌಲನ ಪತ್ರಗಳಲ್ಲೇ: ರೋಮಾಪುರದವರಿಗೆ ಬರೆದ ಪತ್ರದಲ್ಲಿ ಮೂರು, ಗಲಾತ್ಯದವರಿಗೆ ಬರೆದದ್ದರಲ್ಲಿ ಒಂದು, ಎಫೆಸದವರಿಗೆ ಬರೆದದ್ದರಲ್ಲಿ ಒಂದು. ಆ ಪದ 'ಹುಯೊಥೆಸಿಯಾ'. ಬಿಡಿಸಿ ಹೇಳಿದರೆ, ಮಗನ ಸ್ಥಾನದಲ್ಲಿ ಇಡುವುದು.

ಕನ್ನಡದಲ್ಲಿ ನಮಗೆ ಒಂದು ಅನುಕೂಲ ಇದೆ. ಸಾಕುಮಗ ಬೇರೆ, ದತ್ತುಮಗ ಬೇರೆ ಅಂತ ನಾವು ಮೊದಲಿಂದಲೂ ಬೇರೆ ಮಾಡಿಯೇ ಹೇಳುತ್ತೇವೆ. ಸಾಕುಮಗನನ್ನು ಎಷ್ಟೇ ಅಕ್ಕರೆಯಿಂದ ಬೆಳೆಸಿರಲಿ, ನಾಳೆ ಆಸ್ತಿಯ ಮಾತು ಬಂದಾಗ ಅವನು ಬಾಗಿಲ ಬಳಿ ನಿಲ್ಲಬೇಕಾಗುತ್ತದೆ. ದತ್ತುಮಗ ಹಾಗಲ್ಲ. ಅವನು ಹಕ್ಕುದಾರ. ಪೌಲ ಹೇಳುತ್ತಿರುವುದು ಈ ಎರಡನೆಯದನ್ನು. ಮಕ್ಕಳಾದರೆ ಬಾಧ್ಯರೂ, ಅಂದರೆ ಹಕ್ಕುದಾರರೂ, ಆದೆವು, ಅದೂ ಕ್ರಿಸ್ತನ ಜೊತೆ ಬಾಧ್ಯರು ಅಂತ ರೋಮಾ 8ರಲ್ಲಿ ಬರೆದಿದ್ದಾನೆ. ದೇವರು ನಿಮ್ಮನ್ನು ಕನಿಕರಪಟ್ಟು ಸಾಕುತ್ತಿಲ್ಲ, ಮನೆಯವರನ್ನಾಗಿ ಮಾಡಿಕೊಂಡಿದ್ದಾನೆ.

ಆ ಪತ್ರ ಓದಿದವರ ಕಾಲವನ್ನು ನೆನಪಿಟ್ಟುಕೊಂಡರೆ ಇದು ಇನ್ನೂ ಸ್ಪಷ್ಟ ಆಗುತ್ತದೆ. ರೋಮಿನಲ್ಲಿ ದತ್ತು ಅಂದರೆ ಜಾಸ್ತಿ ಪಾಲು ಕೈಗೂಸುಗಳ ವಿಷಯ ಆಗಿರಲಿಲ್ಲ. ಮನೆತನದ ಹೆಸರು, ಆಸ್ತಿ ಮುಂದುವರಿಯಲಿ ಅಂತ ಬೆಳೆದ ಗಂಡಸರನ್ನೇ ದತ್ತು ತೆಗೆದುಕೊಳ್ಳುತ್ತಿದ್ದರು. ಅಗಸ್ಟಸ್ ಚಕ್ರವರ್ತಿ ಕ್ರಿ.ಶ. 4ರಲ್ಲಿ ತಿಬೇರಿಯಸ್‌ನನ್ನು ದತ್ತು ತೆಗೆದುಕೊಂಡಾಗ ತಿಬೇರಿಯಸ್‌ಗೆ 40 ದಾಟಿತ್ತು. ಕ್ರಿ.ಶ. 50ರಲ್ಲಿ ಕ್ಲೌಡಿಯಸ್ ತನಗೆ ಹುಟ್ಟಿದ ಮಗ ಇದ್ದರೂ ನೀರೋನನ್ನು ದತ್ತು ಮಾಡಿಕೊಂಡ. ನಾಲ್ಕೇ ವರ್ಷಕ್ಕೆ ಆ ನೀರೋ ಚಕ್ರವರ್ತಿಯಾದ. ಪೌಲ ರೋಮಾಪುರದವರಿಗೆ ಬರೆದದ್ದು ಸುಮಾರು 57ರಲ್ಲಿ. ಅಂದರೆ ಆ ಪತ್ರವನ್ನು ಊರಿನಲ್ಲಿ ಗಟ್ಟಿಯಾಗಿ ಓದುವಾಗ ಸಿಂಹಾಸನದ ಮೇಲೆ ಕೂತಿದ್ದವನೇ ಒಬ್ಬ ದತ್ತುಮಗ! ನೀರೋ ಎಂಥವನು ಅನ್ನುವುದು ಬೇರೆ ಮಾತು. ಆದರೆ ದತ್ತು ಅಂದರೆ ಎರಡನೇ ದರ್ಜೆ ಅಂತ ಆ ಕೇಳುಗರಿಗೆ ಯಾರೂ ಹೇಳುವ ಹಾಗೇ ಇರಲಿಲ್ಲ.

ಹಳೆ ಅಪ್ಪನ ಅಧಿಕಾರವನ್ನು ಕಡಿಯುವ ಕ್ರಮವೂ ಗಟ್ಟಿಯಾಗಿತ್ತು. ರೋಮಿನ ಹಳೆಯ ಕಾನೂನಿನಲ್ಲಿ ಅಪ್ಪ ತನ್ನ ಮಗನನ್ನು ಮೂರು ಸಲ ಮಾರಬೇಕಿತ್ತು, ಶಾಸ್ತ್ರಕ್ಕೆ. ಮೊದಲ ಎರಡು ಸಲ ಬಿಡುಗಡೆ ಆದರೂ ಮಗ ಮತ್ತೆ ಅಪ್ಪನ ಕೈಕೆಳಗೇ ಬರುತ್ತಿದ್ದ. ಮೂರನೇ ಸಲ ಮಾರಿದ ಮೇಲೆ ಆ ಹಿಡಿತ ಮುಗಿಯಿತು. ಆಮೇಲೆ ಅಧಿಕಾರಿಯ ಮುಂದೆ ಹೊಸ ಅಪ್ಪ 'ಇವನು ನನ್ನವನು' ಅಂತ ಹೇಳಿ ತೆಗೆದುಕೊಳ್ಳುತ್ತಿದ್ದ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟಿದ್ದೆ. ನನ್ನ ಹಳೆಯ ಬದುಕು ಯಾವಾಗ ಬೇಕಾದರೂ ಬಂದು ನನ್ನನ್ನು ವಾಪಸ್ ಕೇಳಬಹುದು ಅಂತ ಒಳಗೊಳಗೇ ನಂಬಿಕೊಂಡಿದ್ದವಳು ನಾನು.

ಇನ್ನೊಂದು ವಿಷಯ. ರೋಮಾ ಪತ್ರದ 16ನೇ ಅಧ್ಯಾಯದಲ್ಲಿ ಉದ್ದಕ್ಕೂ ವಂದನೆಗಳೇ ಇವೆ, ಹೆಸರಿನ ಮೇಲೆ ಹೆಸರು. ನಾವೆಲ್ಲ ಹಾರಿಸಿ ಓದುವ ಭಾಗ. ಅದರಲ್ಲಿ ಎಷ್ಟೋ ಹೆಸರು ಆ ಕಾಲದಲ್ಲಿ ಗುಲಾಮರಿಗೂ ಬಿಡುಗಡೆಯಾದ ಗುಲಾಮರಿಗೂ ಇರುತ್ತಿದ್ದವು. ರೋಮಿನ ಕಾನೂನಿನ ಕಣ್ಣಲ್ಲಿ ಗುಲಾಮನಿಗೆ ಅಪ್ಪನೇ ಇಲ್ಲ. ಹೆತ್ತವನು ಪಕ್ಕದಲ್ಲೇ ನಿಂತಿದ್ದರೂ ಕಾಗದದಲ್ಲಿ ಇಲ್ಲ. ಅಂಥವನೊಬ್ಬ ದಿನದ ಕೆಲಸ ಮುಗಿಸಿ ಬಂದು ಹಿಂದೆ ನಿಂತು ಕೇಳುತ್ತಿದ್ದಾನೆ: ನಿಮಗೆ ಸಿಕ್ಕಿದ್ದು ದಾಸನ ಭಾವ ಅಲ್ಲ, ಮಗನ ಭಾವ. ಅವನಿಗೆ ಹೇಗೆ ಅನಿಸಿರಬೇಕು!

ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು. ಆ ಕಾಲದಲ್ಲಿ ದತ್ತು ಹೋಗುತ್ತಿದ್ದವರು ಹೆಚ್ಚಾಗಿ ಗಂಡುಮಕ್ಕಳು. ಆದರೆ ಪೌಲ ಗಲಾತ್ಯದವರಿಗೆ, ನೀವೆಲ್ಲರೂ ದೇವರ ಪುತ್ರರು ಅಂತ ಬರೆದು, ಅದೇ ಉಸಿರಿನಲ್ಲಿ ಇಲ್ಲಿ ಗಂಡು ಹೆಣ್ಣೆಂಬ ಭೇದ ಇಲ್ಲ ಅನ್ನುತ್ತಾನೆ. 'ಪುತ್ರರು' ಅನ್ನುವ ಪದ ನಮ್ಮನ್ನು ಹೊರಗಿಡುತ್ತದೆ ಅಂತ ಒಂದು ಕಾಲದಲ್ಲಿ ಬೇಸರಪಟ್ಟುಕೊಂಡಿದ್ದೆ. ಈಗ ಹಾಗನಿಸುವುದಿಲ್ಲ. ಗಂಡುಮಗನಿಗೆ ಅಂತ ಇಟ್ಟ ಜಾಗಕ್ಕೇ ನಮ್ಮನ್ನೂ ಕರೆದು ಕೂರಿಸಿದ್ದಾನೆ.

ಈಗ ನಿಮ್ಮ ಎರಡನೇ ಪ್ರಶ್ನೆ.

ನಮ್ಮ ಅಕ್ಕ ಭಾವ ಒಂದು ಹೆಣ್ಣುಮಗುವನ್ನು ದತ್ತು ತೆಗೆದುಕೊಂಡರು. ಬಂದಾಗ ಅವಳಿಗೆ ಏಳು ವರ್ಷ. ಕಾಗದಪತ್ರ ಎಲ್ಲ ಮುಗಿದು, ಸಹಿಯಾಗಿ, ಅವಳ ಹೆಸರಿನ ಮುಂದೆ ಭಾವನ ಹೆಸರು ಸೇರಿತ್ತು. ಆದರೂ ಅವಳು ಪ್ರತಿ ಸಲ ನೀರು ಕುಡಿಯುವ ಮುಂಚೆ ಬಂದು ಕೇಳುತ್ತಿದ್ದಳು, "ಆಂಟಿ, ನೀರು ಕುಡೀಲಾ?" ಲೋಟ ಕೈಯಲ್ಲೇ ಇರುತ್ತಿತ್ತು. ಕುಡಿದ ಮೇಲೆ ತೊಳೆದು, ಒರೆಸಿ, ಎಲ್ಲಿತ್ತೋ ಅಲ್ಲೇ ಬೋರಲು ಹಾಕುತ್ತಿದ್ದಳು. ಚಪ್ಪಲಿ ಬಾಗಿಲ ಹೊರಗೆ, ಎರಡೂ ಜೋಡಿಸಿ, ಮುಖ ಹೊರಗೆ ಮಾಡಿ. ಯಾವಾಗ ಬೇಕಾದರೂ ಹೊರಡಲು ತಯಾರಾಗಿ ಇಟ್ಟ ಹಾಗೆ. ಅಕ್ಕ ಒಂದು ದಿನ ಅದನ್ನು ನೋಡಿ ಒಳಗೆ ಹೋಗಿ ಅತ್ತಳು.

ಹಾಗೆ ಎಂಟು ಒಂಬತ್ತು ತಿಂಗಳು ಕಳೆಯಿತು. ಒಂದು ಬೆಳಗ್ಗೆ ನಾನು ಅಲ್ಲೇ ಇದ್ದೆ. ಸ್ಕೂಲಿಗೆ ಹೊತ್ತಾಗಿತ್ತು. ಬಾಗಿಲಿಂದ ಒಂದು ಕೂಗು ಬಂತು: "ಅಮ್ಮಾ! ನನ್ನ ಚಪ್ಪಲಿ ಎಲ್ಲಿಟ್ಟೆ?" ಸಿಟ್ಟಿನಲ್ಲಿ, ಅವಸರದಲ್ಲಿ, ಗಂಟಲು ಬಿಟ್ಟು. ತಾನೇ ಎಲ್ಲೋ ಬಿಸಾಕಿ ಅಮ್ಮನನ್ನು ಬೈಯುತ್ತಿದ್ದಾಳೆ. ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಮುಖ ನೋಡಿದಳು. ಇಬ್ಬರೂ ಮಾತಾಡಲಿಲ್ಲ.

ಇಲ್ಲಿ ನಿಮ್ಮನ್ನೇ ಕೇಳುತ್ತೇನೆ. ಅವಳು ಮಗಳಾದದ್ದು ಯಾವತ್ತು? ಕೂಗಿದ ದಿನವಾ? ಅಲ್ಲ. ಸಹಿ ಬಿದ್ದ ದಿನ. ನೀರಿಗೆ ಅಪ್ಪಣೆ ಕೇಳುತ್ತಿದ್ದ ಅಷ್ಟೂ ತಿಂಗಳು ಅವಳು ಪೂರ್ತಿ ಮಗಳೇ. ಅವಳಿಗೆ ಅದು ಗೊತ್ತಾಗಲು ಹೊತ್ತು ಹಿಡಿಯಿತು, ಅಷ್ಟೇ.

ಪೌಲ ಗಲಾತ್ಯ 4:6ರಲ್ಲಿ ಇದೇ ಕ್ರಮದಲ್ಲಿ ಬರೆದಿದ್ದಾನೆ. ನೀವು ಮಕ್ಕಳಾಗಿರುವುದರಿಂದ ದೇವರು ತನ್ನ ಮಗನ ಆತ್ಮವನ್ನು ನಿಮ್ಮ ಹೃದಯಕ್ಕೆ ಕಳುಹಿಸಿದ್ದಾನೆ, ಆ ಆತ್ಮ 'ಅಪ್ಪಾ' ಎಂದು ಕೂಗುತ್ತದೆ. ಮೊದಲು ಸ್ಥಾನ, ಆಮೇಲೆ ಕೂಗು. ಕೂಗು ಬಂದರೆ ಸ್ಥಾನ ಕೊಡುತ್ತೇನೆ ಅಂತ ಎಲ್ಲೂ ಹೇಳಿಲ್ಲ. ನೀವು ಇದನ್ನು ತಿರುಗಿಸಿ ಹಿಡಿದುಕೊಂಡಿದ್ದೀರಿ ಅಂತ ನನಗೆ ಅನಿಸುತ್ತದೆ. ಭಾವನೆಯನ್ನು ಸಾಕ್ಷಿ ಮಾಡಿಕೊಂಡು ಸಹಿಯನ್ನು ಅನುಮಾನಿಸುತ್ತಿದ್ದೀರಿ.

ಲೂಕ 15ರ ತಪ್ಪಿಹೋದ ಮಗನ ಕಥೆಯಲ್ಲೂ ಇದೇ ಇದೆ, ನಿಧಾನವಾಗಿ ಓದಿ ನೋಡಿ. ಆಸ್ತಿಯ ಪಾಲು ತೆಗೆದುಕೊಂಡು ಮನೆ ಬಿಟ್ಟು ಹೋಗಿ ಎಲ್ಲ ಕಳೆದುಕೊಂಡ ಕಿರಿಯ ಮಗ ಅವನು. ದೂರದ ದೇಶದಲ್ಲಿ ಹಂದಿಗಳ ಮಧ್ಯೆ ಕೂತು ಆ ಹುಡುಗ ಒಂದು ಮಾತನ್ನು ಬಾಯಿಪಾಠ ಮಾಡುತ್ತಾನೆ. ಅದರ ಕೊನೆಯ ಸಾಲು, ನನ್ನನ್ನು ನಿನ್ನ ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ ಅಂತ. ಮನೆಗೆ ಬಂದು ಅಪ್ಪನ ಮುಂದೆ ಒಪ್ಪಿಸುವಾಗ ಆ ಕೊನೆಯ ಸಾಲು ಬರುವುದೇ ಇಲ್ಲ. ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ ಅನ್ನುವಷ್ಟರಲ್ಲೇ ಅಪ್ಪ ಆಳುಗಳ ಕಡೆ ತಿರುಗಿ ಬಟ್ಟೆ ತನ್ನಿ, ಉಂಗುರ ತನ್ನಿ, ಜೋಡು ತನ್ನಿ ಅನ್ನುತ್ತಾನೆ. ಕೂಲಿಯ ಮಾತು ಬಾಯಿಂದ ಹೊರಬೀಳಲು ಅಪ್ಪ ಬಿಡಲಿಲ್ಲ.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಹಿರಿಯ ಮಗ. ಅವನು ಮನೆ ಬಿಟ್ಟೇ ಇಲ್ಲ. ಆದರೂ ಅವನ ಬಾಯಲ್ಲಿ ಬರುವುದು 'ಇಷ್ಟು ವರ್ಷ ನಿನಗೆ ಸೇವೆ ಮಾಡಿದ್ದೇನೆ' ಅನ್ನುವ ಲೆಕ್ಕ. ಅಪ್ಪನ ಮನೆಯಲ್ಲೇ ಇದ್ದು ಆಳಿನ ಹಾಗೆ ದಿನ ಎಣಿಸಿದವನು. ಅವನಿಗೂ ಅಪ್ಪ ಹೊರಗೆ ಬಂದು 'ಮಗನೇ' ಅಂತಲೇ ಕರೆಯುತ್ತಾನೆ, ನನ್ನದೆಲ್ಲ ನಿನ್ನದೇ ಅನ್ನುತ್ತಾನೆ. ನಾನು ಸಭೆಯಲ್ಲೇ ಬೆಳೆದವಳು, ಬಹಳ ವರ್ಷ ಆ ಹಿರಿಯ ಮಗನ ಹಾಗೆಯೇ ಪ್ರಾರ್ಥನೆ ಮಾಡಿದೆ. ಮೊದಲು ಈ ವಾರ ಏನೇನು ಮಾಡಿದೆ ಅನ್ನುವ ವರದಿ, ಆಮೇಲೆ ತಪ್ಪಿನ ಪಟ್ಟಿ, ಕೊನೆಗೆ ಅಂಜುತ್ತ ಒಂದು ಬೇಡಿಕೆ.

'ಅಪ್ಪಾ' ಅನ್ನುವ ಆ ಪದದ ಬಗ್ಗೆ ಹೇಳಲೇಬೇಕು. ಪೌಲ ಗ್ರೀಕಿನಲ್ಲಿ ಬರೆಯುತ್ತ ನಡುವೆ ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯ ಒಂದು ಪದವನ್ನು ಹಾಗೇ ಇಟ್ಟಿದ್ದಾನೆ: ಅಬ್ಬಾ. ಕನ್ನಡದವರಿಗೆ ಇದಕ್ಕೆ ಅನುವಾದವೇ ಬೇಡ. ಅದು ಬರೀ ಮಕ್ಕಳ ತೊದಲು ಮಾತು ಅಂತ ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಬೆಳೆದವರೂ ತಂದೆಯನ್ನು ಹಾಗೆ ಕರೆಯುತ್ತಿದ್ದರು. ನಮ್ಮ 'ಅಪ್ಪ' ಕೂಡ ಹಾಗೇ ಅಲ್ವಾ? ಮೂರು ವರ್ಷದ ಮಗುವೂ ಅನ್ನುತ್ತದೆ, ಐವತ್ತರ ಗಂಡಸೂ ಅನ್ನುತ್ತಾನೆ. ಅದರಲ್ಲಿ ಸಲಿಗೆಯೂ ಇದೆ, ಗೌರವವೂ ಇದೆ.

ನಾಲ್ಕು ಸುವಾರ್ತೆಗಳಲ್ಲಿ ಈ 'ಅಬ್ಬಾ' ಯೇಸುವಿನ ಬಾಯಲ್ಲಿ ಕೇಳಿಸುವುದು ಒಂದೇ ಕಡೆ. ಮಾರ್ಕ 14ರಲ್ಲಿ, ಗೆತ್ಸೇಮನೆ ತೋಟದಲ್ಲಿ. ನೆಲಕ್ಕೆ ಬಿದ್ದು, ಮನಸ್ಸು ಕುಗ್ಗಿ, ಈ ಪಾತ್ರೆಯನ್ನು, ಅಂದರೆ ಮುಂದೆ ಕಾದಿರುವ ಶಿಲುಬೆಯ ಸಂಕಟವನ್ನು, ನನ್ನಿಂದ ತೊಲಗಿಸು ಅಂತ ಬೇಡಿಕೊಳ್ಳುವಾಗ. ಮಗು ಅನ್ನುವ ಭಾವನೆ ಅಂದರೆ ಎದೆ ಬೆಚ್ಚಗಾಗುವುದು, ಕಣ್ಣು ತುಂಬುವುದು ಅಂತ ನಾವು ಅಂದುಕೊಂಡಿದ್ದೇವೆ. ಯೇಸುವಿಗೆ ಆ ಪದ ಬಂದದ್ದು ಭಯದ ರಾತ್ರಿಯಲ್ಲಿ. ಪಾತ್ರೆಯೂ ತೊಲಗಲಿಲ್ಲ. ಆದರೂ ಮಗ ಮಗನೇ, ಅಪ್ಪ ಅಪ್ಪನೇ.

ಯೇಸುವೂ ಮಗ, ನಾವೂ ಮಕ್ಕಳು ಅಂದರೆ ಇಬ್ಬರೂ ಒಂದೇನಾ ಅಂತ ಯಾರಾದರೂ ಕೇಳಬಹುದು. ಇಲ್ಲ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ (ಕ್ರೈಸ್ತ ನಂಬಿಕೆಯನ್ನು ಪ್ರಶ್ನೆ ಉತ್ತರದ ರೂಪದಲ್ಲಿ ಕಲಿಸುವ ಒಂದು ಹಳೆಯ ಪುಸ್ತಕ) ಇದನ್ನು ಸರಳವಾಗಿ ಹೇಳುತ್ತದೆ: ಆತ ಸ್ವಭಾವದಿಂದಲೇ ನಿತ್ಯ ಮಗ, ನಾವು ಆತನ ನಿಮಿತ್ತ ಕೃಪೆಯಿಂದ ಮಕ್ಕಳು. ಆತನ ಮೂಲಕವೇ ನಾವು ಒಳಗೆ ಬಂದದ್ದು. ಆದರೂ ನಮ್ಮನ್ನು ಸಹೋದರರು ಅನ್ನಲು ಆತ ನಾಚಿಕೆಪಡುವುದಿಲ್ಲ ಅಂತ ಇಬ್ರಿಯರಿಗೆ ಬರೆದ ಪತ್ರದಲ್ಲಿದೆ. ಸಭೆಯಲ್ಲಿ ನಿಮ್ಮ ಪಕ್ಕ ಕೂರುವ, ನಿಮಗೆ ಅಷ್ಟೇನೂ ಸರಿಬಾರದ ಮನುಷ್ಯ ನಿಮ್ಮ ಒಡಹುಟ್ಟಿದವನಾದದ್ದೂ ಇದರಿಂದಲೇ.

ನಿಮ್ಮ ಪ್ರಶ್ನೆಯಲ್ಲಿ ಮನೆಯ ವಿಷಯ ಏನೂ ಬರೆದಿಲ್ಲ, ಹಾಗಾಗಿ ಊಹೆ ಮಾಡುವುದಿಲ್ಲ. ಆದರೆ ಹೆತ್ತ ಅಪ್ಪನಿಂದ ನೋವು ತಿಂದವರಿಗೆ 'ಅಪ್ಪಾ' ಅನ್ನುವುದೇ ಬಾಯಿಗೆ ಮುಳ್ಳಾಗುತ್ತದೆ. ನೀವು ಅಂಥವರಾಗಿದ್ದರೆ ಆ ಪದವನ್ನು ಬಲವಂತವಾಗಿ ಹೇಳಬೇಡಿ. ದೇವರು ನಿಮ್ಮ ಅಪ್ಪನ ದೊಡ್ಡ ಪ್ರತಿ ಅಲ್ಲ. ಆತ ಎಂಥ ತಂದೆ ಅನ್ನುವುದನ್ನು ಯೇಸುವಿನ ಮುಖ ನೋಡಿ ಕಲಿಯಿರಿ, ಎಷ್ಟು ಹೊತ್ತು ಹಿಡಿದರೂ ಪರವಾಗಿಲ್ಲ.

ಪೌಲ ರೋಮಾ 8ರಲ್ಲಿ ನಾವು ಮಗನ ಭಾವವನ್ನು ಹೊಂದಿದ್ದೇವೆ ಅಂತ 15ನೇ ವಚನದಲ್ಲಿ ಹೇಳಿದವನು, 23ನೇ ವಚನದಲ್ಲಿ ಅದೇ ಗ್ರೀಕ್ ಪದ ಬಳಸಿ, ದತ್ತು ಆಗುವುದಕ್ಕಾಗಿ ನರಳುತ್ತ ಕಾಯುತ್ತಿದ್ದೇವೆ ಅನ್ನುತ್ತಾನೆ. ದೇಹಕ್ಕೆ ಬಿಡುಗಡೆ ಆಗುವ ದಿನ ಅದು ಪೂರ್ತಿಯಾಗುತ್ತದೆ. ಆಗಿದೆ, ಇನ್ನೂ ಆಗಬೇಕು, ಎರಡೂ ನಿಜ. ಹಾಗಾಗಿ ಈಗ ನಿಮ್ಮೊಳಗೆ ಇರುವ ಕೊರತೆ, ಮಗು ಅನ್ನಿಸುತ್ತಿಲ್ಲವಲ್ಲ ಅನ್ನುವ ಸಂಕಟ, ಅದೂ ಆ ನರಳಿಕೆಯದೇ ಇರಬಹುದು. ಹೊರಗಿನವರು ಇದಕ್ಕಾಗಿ ಸಂಕಟಪಡುವುದಿಲ್ಲ.

ಇವತ್ತು ರಾತ್ರಿ ಕೂತಾಗ ವರದಿ ಒಪ್ಪಿಸಬೇಡಿ. ಚಪ್ಪಲಿ ಕಾಣದಿದ್ದಾಗ ಆ ಹುಡುಗಿ ಕೂಗಿದ ಹಾಗೆ, ಏನು ಕಾಣುತ್ತಿಲ್ಲವೋ ಅದನ್ನೇ ನೇರವಾಗಿ ಕೇಳಿ. ಕೋಪ ಇದ್ದರೆ ಕೋಪದಲ್ಲೇ. ಮಾತೇ ಹೊರಡದಿದ್ದರೆ ಅದೇ ರೋಮಾ 8ರ 26ನೇ ವಚನ ಇದೆ: ಏನು ಬೇಡಬೇಕು ಅಂತ ನಮಗೆ ತಿಳಿಯದಿದ್ದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ.