ಜನಕ್ಕೆ ಬೇಕು ಅಂತಲೇ ಪದ್ಧತಿ ಉಳ್ಕೊಂಡಿದ್ಯಾ?

ಸಾಮಾಜಿಕ ರೂಢಿಗಳ ಗಣಿತದ ಬಗ್ಗೆ ಕಳೆದ ಸಂಚಿಕೆಲಿ ಬಂದ ಲೇಖನ ಓದಿ ಓದುಗರೊಬ್ಬರು ಸಿಟ್ಟಲ್ಲೇ ಬರ್ದಿದಾರೆ: "ಮನುಷ್ಯರನ್ನ ಸೂತ್ರಕ್ಕೆ ಹಾಕೋಕಾಗುತ್ತಾ? ಕೆಟ್ಟ ಪದ್ಧತಿ ಉಳ್ಕೊಂಡಿದೆ ಅಂದ್ರೆ ಜನಕ್ಕೆ ಅದು ಬೇಕು ಅಂತ, ಅಷ್ಟೇ."

ಸಂಪಾದಕರ ಉತ್ತರ:

ಸರ್, ನಿಮ್ಮ ಎರಡನೇ ಮಾತೇ ನನ್ನನ್ನ ಜಾಸ್ತಿ ಕಾಡಿದ್ದು, ಯಾಕಂದ್ರೆ ಈ ಗಣಿತ ಪ್ರಶ್ನೆ ಮಾಡೋದೇ ಅದನ್ನ.

1978ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಒಂದು ಲೆಕ್ಕ ಮುಂದಿಟ್ರು. ಚೌಕದಲ್ಲಿ 100 ಜನ ಸೇರಿದಾರೆ, ಗಲಾಟೆ ಆಗೋ ಹಾಗಿದೆ. ಒಬ್ಬ ಯಾರಿಗೂ ಕಾಯದೆ ಕಲ್ಲು ಎಸೆಯೋನು, ಇನ್ನೊಬ್ಬ ಒಬ್ಬರು ಎಸೆದ್ರೆ ತಾನೂ ಎಸೆಯೋನು, ಮತ್ತೊಬ್ಬನಿಗೆ ಇಬ್ಬರು ಎಸೆದಿರ್ಬೇಕು, ಹೀಗೇ 99ರ ತನಕ. ಮೊದಲನೆಯವನು ಕೈ ಎತ್ತಿದ್ರೆ ಸಾಕು, ಒಬ್ಬರ ಹಿಂದೆ ಒಬ್ಬರು ನೂರೂ ಜನ ಇಳೀತಾರೆ. ಈಗ ಆ ಎರಡನೆಯವನೂ ಇಬ್ಬರು ಎಸೆದ್ಮೇಲೇ ಎಸೀತೀನಿ ಅನ್ನೋನಾಗಿದ್ರೆ? ಒಂದೇ ಕಲ್ಲು ಬೀಳುತ್ತೆ, ಬೇರೆ ಯಾರೂ ಕದಲಲ್ಲ. ಒಂದು ಊರಿಗೆ ಪುಂಡರ ಊರು ಅಂತ ಹೆಸರು ಬಂತು, ಇನ್ನೊಂದಕ್ಕೆ ಶಾಂತಿಪ್ರಿಯರ ಊರು ಅಂತ, ಆದ್ರೆ ನೂರರಲ್ಲಿ 99 ಜನ ಎರಡೂ ಕಡೆ ಒಂದೇ ಥರದೋರು. ನಡವಳಿಕೆ ನೋಡಿ ಮನಸ್ಸು ಹಿಂಗೇ ಇದೆ ಅಂತ ಹೇಳೋಕಾಗಲ್ಲ ಅನ್ನೋದು ಇಲ್ಲಿಂದಲೇ.

ಚೀನಾದಲ್ಲಿ ಹೆಣ್ಮಕ್ಕಳ ಪಾದ ಬಿಗಿದು ಕಟ್ಟಿ ಮೂಳೆ ಮುರಿಯೋ ಪದ್ಧತಿ ಶತಮಾನಗಟ್ಟಲೆ ನಡೀತು. ಮಗಳು ನೋವಿಗೆ ಕಿರುಚೋದನ್ನ ಕೇಳ್ಕೊಂಡೇ ತಾಯಂದಿರು ಕಟ್ಟಿದ್ರು, ಯಾಕಂದ್ರೆ ಕಟ್ಟದಿದ್ರೆ ಒಳ್ಳೆ ಮನೆ ಸಂಬಂಧ ಬರಲ್ಲ. ಬರೀ ಒಬ್ಬರು ಬಿಟ್ರೆ ಆ ಒಬ್ಬರ ಮಗಳಿಗೇ ನಷ್ಟ. ಆಮೇಲೆ ಬಂದ ಸಂಘಗಳಲ್ಲಿ ಅಪ್ಪ ಅಮ್ಮಂದಿರು ಒಟ್ಟಿಗೆ ಎರಡು ಪ್ರತಿಜ್ಞೆ ಮಾಡಿದ್ರು: ಮಗಳ ಪಾದ ಕಟ್ಟಲ್ಲ, ಪಾದ ಕಟ್ಟಿದ ಹುಡುಗೀನ ಸೊಸೆ ಮಾಡ್ಕೊಳಲ್ಲ. ನನಗೆ ಅದ್ಭುತ ಅನ್ಸೋದು ಈ ಎರಡನೇದು, ಕಟ್ಟದ ಹುಡುಗಿಗೆ ಗಂಡು ಎಲ್ಲಿಂದ ಬರ್ತಾನೆ ಅನ್ನೋ ಭಯಕ್ಕೆ ಅದರಲ್ಲೇ ಉತ್ತರ ಇತ್ತು. ಉತ್ತರ ಚೀನಾದ ಡಿಂಗ್‌ಷಿಯನ್‌ನಲ್ಲಿ 1890ಕ್ಕೆ ಮುಂಚೆ ಹುಟ್ಟಿದ ಹೆಂಗಸರಲ್ಲಿ ನೂರಕ್ಕೆ 99 ಜನರ ಪಾದ ಕಟ್ಟಿತ್ತು, 1919ರ ನಂತರ ಹುಟ್ಟಿದವರಲ್ಲಿ ಹೆಚ್ಚುಕಮ್ಮಿ ಯಾರದ್ದೂ ಇಲ್ಲ. ಪೊಲಿಟಿಕಲ್ ಸೈಂಟಿಸ್ಟ್ ಗೆರ್ರಿ ಮ್ಯಾಕಿ 1996ರಲ್ಲಿ ಇದನ್ನ ಗೇಮ್ ಥಿಯರಿ, ಅಂದ್ರೆ ಒಬ್ಬರ ನಿರ್ಧಾರ ಬೇರೆಯವರ ನಿರ್ಧಾರದ ಮೇಲೆ ನಿಂತಿರುವಾಗ ಏನಾಗುತ್ತೆ ಅಂತ ಲೆಕ್ಕ ಹಾಕೋ ಗಣಿತ, ಇಟ್ಕೊಂಡೇ ವಿವರಿಸಿದ್ರು.

ನಿಮ್ಮ ಮೊದಲನೇ ಆಕ್ಷೇಪಕ್ಕೆ ಒಂದು ಕಡೆ ನನ್ನ ಪೂರ್ತಿ ಒಪ್ಪಿಗೆ ಇದೆ. 2018ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಡೇಮನ್ ಸೆಂಟೋಲಾ ತಂಡದ ಪ್ರಯೋಗದಲ್ಲಿ ಗುಂಪಿನ ಕಾಲು ಭಾಗದಷ್ಟು ಜನ ಪಟ್ಟು ಹಿಡಿದಾಗ ಉಳಿದವರೂ ಹೊಸ ರೂಢಿಗೆ ಬಂದ್ರು, ಆಗಿಂದ 25 ಪರ್ಸೆಂಟ್ ಸಿಕ್ರೆ ಸಮಾಜ ಬದಲಾಯ್ತು ಅಂತ ಹೇಳ್ಕೊಂಡು ತಿರುಗೋರು ಸುಮಾರು ಜನ. ಅಲ್ಲಿ ಆಟ ಇದ್ದಿದ್ದು ಫೋಟೋದಲ್ಲಿರೋ ಮುಖಕ್ಕೆ ಒಂದು ಹೆಸರು ಒಪ್ಕೊಳ್ಳೋದು. ಅದಕ್ಕೂ ಮಗಳ ಮದುವೆಗೂ ಅಜಗಜಾಂತರ, ಆ ನಂಬರ್‌ನ ಹಂಗಂಗೇ ಎಲ್ಲಾ ಕಡೆ ಹಚ್ಚಬಾರದು.