ಹೊಸದಾಗಿ ಕುದುರೆ ಸಾಕುವವರು ಯಾವ ಪದಗಳನ್ನು ಮೊದಲು ಕಲಿಯಬೇಕು?

ಕುದುರೆ ಬರುವುದಕ್ಕೆ ಮೊದಲೇ ಬಾಯಿಪಾಠ ಮಾಡಿಕೊಳ್ಳಲು ಪದಗಳ ಪಟ್ಟಿಯೊಂದನ್ನು ಕೇಳಿದ್ದೀರಿ. ಅಂಥ ಪಟ್ಟಿ ನನ್ನ ಬಳಿಯೂ ಇತ್ತು. ಗಂಡು ಮರಿ ಕೋಲ್ಟ್, ಹೆಣ್ಣು ಮರಿ ಫಿಲ್ಲಿ, ಬೆಳೆದ ಹೆಣ್ಣು ಮೇರ್, ಬೀಜ ತೆಗೆಸಿದ ಗಂಡು ಗೆಲ್ಡಿಂಗ್ ಎಂಬಲ್ಲಿಂದ ಹಿಡಿದು ಜೀನು, ಕಡಿವಾಣಗಳ ಒಂದೊಂದು ಭಾಗದವರೆಗೆ ಎಲ್ಲವೂ ಕಂಠಸ್ಥವಾಗಿತ್ತು. ‘ಡಿಜಿಟಲ್ ಪಲ್ಸ್’ ಕೂಡ ಅದರಲ್ಲಿತ್ತು: ಗೊರಸಿಗೆ ರಕ್ತ ಒಯ್ಯುವ ನಾಳದ ಮಿಡಿತ, ಗೊರಸಿನ ಮೇಲಿನ ಗಿಣ್ಣಿನ ಹಿಂಬದಿಯಲ್ಲಿ ಎರಡೂ ಪಕ್ಕಕ್ಕೆ ಬೆರಳಿಟ್ಟರೆ ತಿಳಿಯುತ್ತದೆ.

ಹುಲ್ಲು ಹುಲುಸಾಗಿ ಚಿಗುರಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ನನ್ನ ಹೆಣ್ಣು ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲುಗಳ ಮೇಲೆ ಹಾಕಿ ನಿಂತಿತ್ತು. ತಿರುಗಿಸಲು ಹೋದರೆ ಹೆಜ್ಜೆ ಎತ್ತಿಡಲು ಹಿಂಜರಿಯುತ್ತಿತ್ತು. ಪಶುವೈದ್ಯರಿಗೆ ಫೋನ್ ಮಾಡಿ, ಕಾಲು ಹಿಡಿದುಕೊಂಡಂತಿದೆ ಎಂದೆ. ಡಿಜಿಟಲ್ ಪಲ್ಸ್ ಹೇಗಿದೆ ಎಂದು ಅವರು ಕೇಳಿದರು. ಬೆರಳಿಟ್ಟ ಕೂಡಲೇ ಮಿಡಿತ ಜೋರಾಗಿ ಸಿಕ್ಕಿತು. ಮನುಷ್ಯರ ಕೈನಾಡಿಯಂತೆ ಅದೂ ಸ್ಪಷ್ಟವಾಗಿ ಸಿಗುವುದೇ ಆರೋಗ್ಯದ ಲಕ್ಷಣವೆಂದು ಭಾವಿಸಿ, ‘ಚೆನ್ನಾಗಿದೆ ಡಾಕ್ಟರೇ’ ಎಂದುಬಿಟ್ಟೆ.

ವಾಸ್ತವ ಇದಕ್ಕೆ ತದ್ವಿರುದ್ಧ. ಆರೋಗ್ಯವಂತ ಕುದುರೆಯಲ್ಲಿ ಆ ಮಿಡಿತ ತೀರಾ ಕ್ಷೀಣವಾಗಿದ್ದು, ಬೆರಳಿಗೆ ಸಿಗಬೇಕಾದರೆ ಹುಡುಕಬೇಕಾಗುತ್ತದೆ. ಬೆರಳಿಟ್ಟೊಡನೆ ಬಡಿಯುವಂತಿದ್ದರೆ ಗೊರಸಿನೊಳಗೆ ಉರಿಯೂತವಿದೆ ಎಂದು ಅನುಮಾನಿಸಬೇಕು. ನನ್ನ ಕುದುರೆಗೆ ಆಗಿದ್ದು ಲ್ಯಾಮಿನೈಟಿಸ್. ಗೊರಸಿನ ಹೊರಗೋಡೆಯನ್ನು ಒಳಗಿನ ಮೂಳೆಗೆ ಬೆಸೆದು ಹಿಡಿದಿರುವ ಪದರಗಳು ಈ ರೋಗದಲ್ಲಿ ಸಡಿಲವಾಗಿ, ಮೂಳೆ ಅಂಗಾಲಿನ ಕಡೆಗೆ ತಿರುಗಿಕೊಳ್ಳಬಹುದು. ಗಂಟೆಗಂಟೆಯೂ ಮುಖ್ಯವಾದ ತುರ್ತು ಸ್ಥಿತಿಯದು. ನನ್ನ ಮಾತು ನಂಬಿದ ವೈದ್ಯರು ಸ್ನಾಯು ಬಿಗಿದಿರಬೇಕೆಂದು ಎಣಿಸಿ, ನಿಧಾನವಾಗಿ ನಡೆಸಿರಿ, ನಾಳೆ ಬರುತ್ತೇನೆ ಎಂದರು. ಮೆತ್ತನೆಯ ಹಾಸಿನ ಮೇಲೆ ಅಲುಗದಂತೆ ನಿಲ್ಲಿಸಿ, ಗೊರಸುಗಳನ್ನು ಮಂಜುಗಡ್ಡೆಯಲ್ಲಿಟ್ಟು ತಣಿಸಬೇಕಾಗಿದ್ದ ಪ್ರಾಣಿಯನ್ನು ನಾನು ಅಂಗಳದ ತುಂಬ ನಡೆಸಿದೆ. ಮರುದಿನದ ಎಕ್ಸ್‌ರೇಯಲ್ಲಿ ಮೂಳೆ ತಿರುಗಿರುವುದು ಕಂಡಿತು. ಕುದುರೆ ಬದುಕಿತು, ಆದರೆ ಸವಾರಿಗೆ ಮತ್ತೆ ಒದಗಲಿಲ್ಲ. ಅದು ಚೆನ್ನಾಗಿದ್ದಾಗ ಒಮ್ಮೆಯೂ ನಾನು ಅಲ್ಲಿ ಬೆರಳಿಟ್ಟು ನೋಡಿರಲಿಲ್ಲವಾದ್ದರಿಂದ, ಆ ಬೆಳಿಗ್ಗೆ ಹೋಲಿಸಿ ನೋಡಲು ನನ್ನಲ್ಲಿ ಏನೂ ಇರಲಿಲ್ಲ.

ಆದ್ದರಿಂದ ಪಟ್ಟಿ ಕೊಡುವ ಮನಸ್ಸು ನನಗಿಲ್ಲ. ಮೈಬಣ್ಣಗಳ ಹೆಸರು, ಜೀನಿನ ಭಾಗಗಳ ಹೆಸರು ತಾವಾಗಿಯೇ ಬಾಯಿಗೆ ಬರುತ್ತವೆ. ವೈದ್ಯರು ಫೋನಿನಲ್ಲಿ ಕೇಳುವ ಪದಗಳನ್ನು ಮೊದಲು ಕಲಿಯಿರಿ, ಅದೂ ಕುದುರೆಯ ಮೈಮೇಲೆ ಕೈಯಿಟ್ಟು. ಎಡ ಮೊಣಕೈ ಹಿಂದೆ ಸ್ಟೆತಸ್ಕೋಪ್ ಇಟ್ಟು ಎಣಿಸಿ: ವಿಶ್ರಾಂತಿಯಲ್ಲಿರುವ ಬೆಳೆದ ಕುದುರೆಯ ಎದೆಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 28ರಿಂದ 44. ದಿನವೂ ಕಾಲೆತ್ತಿ ಗೊರಸು ಕೆರೆಯುವಾಗ, ಅಡಿಯಲ್ಲಿ ತ್ರಿಕೋನಾಕಾರವಾಗಿ ಕಾಣುವ ‘ಫ್ರಾಗ್’ ಅನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒತ್ತಿದರೆ ಪುಟಿಯುವಂತಿದ್ದರೆ ಸರಿ, ಕಪ್ಪು ರಸ ಸೋರಿ ಕೊಳೆತ ವಾಸನೆ ಬಂದರೆ ಅದು ‘ಥ್ರಷ್’. ‘ಕಾಲಿಕ್’ ಎಂದರೆ ಹೊಟ್ಟೆನೋವು. ಕುದುರೆ ವಾಂತಿ ಮಾಡಲಾರದ ಪ್ರಾಣಿಯಾದ್ದರಿಂದ, ಅದು ನೆಲ ಕೆರೆಯುತ್ತ, ತಿರುತಿರುಗಿ ಪಕ್ಕೆ ನೋಡಿಕೊಳ್ಳುತ್ತ, ಹೊರಳಾಡುತ್ತಿದ್ದರೆ ಕಾಯುತ್ತ ಕೂರಬೇಡಿ. ಮೊದಲ ವಾರದಲ್ಲೇ ವೈದ್ಯರನ್ನೋ ಲಾಳ ಹೊಡೆಯುವವರನ್ನೋ ಕರೆಸಿ, ನಿಮ್ಮ ಬೆರಳನ್ನು ಸರಿಯಾದ ಜಾಗದಲ್ಲಿ ಇರಿಸಿಕೊಡುವಂತೆ ಕೇಳಿಕೊಳ್ಳಿ.

ಕೊಳ್ಳುವಾಗ ಕಿವಿಗೆ ಬೀಳುವ ಮಾತುಗಳು ಕೆಲವೇ. ಎತ್ತರ 15.2 ಎಂದರೆ ದಶಮಾಂಶವಲ್ಲ. ಒಂದು ಹ್ಯಾಂಡ್‌ಗೆ 4 ಇಂಚಿನಂತೆ 15 ಹ್ಯಾಂಡ್, ಮೇಲೆ 2 ಇಂಚು, ಒಟ್ಟು 62 ಇಂಚು. ‘ಗ್ರೀನ್’ ಎಂದರೆ ಸವಾರಿಗೆ ಇನ್ನೂ ಸರಿಯಾಗಿ ಪಳಗಿಲ್ಲವೆಂದು. ವಯಸ್ಸು ಎಷ್ಟೇ ಇರಲಿ, ಹೊಸಬರಾದ ನಿಮಗೆ ಅದು ಬೇಡ. ‘ಈಸಿ ಕೀಪರ್’ ಎಂದು ಮಾರುವವರು ಹೊಗಳಿದರೆ, ಸ್ವಲ್ಪ ಮೇವಿಗೇ ಮೈತುಂಬಿಕೊಳ್ಳುವ ಕುದುರೆ ಎಂದು ತಿಳಿಯಿರಿ. ಖರ್ಚು ಕಡಿಮೆಯಾದೀತು, ಆದರೆ ಲ್ಯಾಮಿನೈಟಿಸ್ ಹೆಚ್ಚಾಗಿ ಕಾಡುವುದು ಇಂಥವನ್ನೇ. ಅದನ್ನೇ ಕೊಳ್ಳುವುದಾದರೆ ಮೇಯಲು ಬಿಡುವ ಜಾಗಕ್ಕೆ ಮಿತಿ ಹಾಕುವ ಬೇಲಿ ಮೊದಲೇ ಸಿದ್ಧವಾಗಿರಲಿ.