ಮಕ್ಕಳಿಗೆ ಮೊದಲು ಕಾಳಿ ನಾಯಿಯ ಕಲ್ಲು ತೋರಿಸಿ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಕ್ಕಳಿಗೆ ಬೇಜಾರಾಗುತ್ತಾ ಅಂತ ಕೇಳಿದ್ದೀರಿ. ಸುಮ್ನೆ ಎಲ್ಲ ಕಲ್ಲುಗಳನ್ನೂ ತೋರಿಸುತ್ತಾ ಹೋದರೆ ಖಂಡಿತ ಆಗುತ್ತದೆ. ನೇರವಾಗಿ ಆತಕೂರು ಶಾಸನದ ಹತ್ತಿರ ಕರೆದುಕೊಂಡು ಹೋಗಿ. ಮದ್ದೂರು ತಾಲ್ಲೂಕಿನದು, ಕ್ರಿ.ಶ. 949ರ ಸುಮಾರಿನದು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರ ಎಂಬ ವೀರನಿಗೆ ಗಂಗರ ದೊರೆ ಬೂತುಗ ಏನು ಬೇಕು ಕೇಳು ಎಂದ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಆ ನಾಯಿ ಕಾಡುಹಂದಿಯೊಡನೆ ಕಾದಾಡಿ ಎರಡೂ ಸತ್ತವು. ಆ ಕಾಳಗ ಕಲ್ಲಿನ ಮೇಲೆಯೇ ಕೆತ್ತಿದೆ. ಮಕ್ಕಳಿಗೆ ಮೊದಲೇ ಕಥೆ ಹೇಳಿ, ಆಮೇಲೆ ನಾಯಿ ಎಲ್ಲಿದೆ ಅಂತ ಅವರೇ ಹುಡುಕಲಿ. ಬೇಗೂರಿನ ವೀರಗಲ್ಲೂ ಅಲ್ಲೇ ಇದೆ, ಬಿಡಬೇಡಿ.

ಇತಿಹಾಸದ ಬಗ್ಗೆ ಉಪನ್ಯಾಸ ಕೇಳಬೇಕಿದ್ದರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ನೋಡಿ, 1909ರಲ್ಲಿ ಶುರುವಾದ ಸಂಸ್ಥೆ. ಅದು ದೊಡ್ಡವರಿಗೇ ಜಾಸ್ತಿ ಹೊಂದುತ್ತದೆ. ಹೊರಡುವ ಮುನ್ನ ಎರಡೂ ಕಡೆ ಫೋನ್ ಮಾಡಿ ಸಮಯ ಕೇಳಿಕೊಳ್ಳಿ.